ಒಂದು ಚಿಪ್ಪಿನ ಗೋಮಾಳ ಪ್ರಕರಣ

ವಿಮಾನ ನಿಲ್ದಾಣಕ್ಕೆ ಬೇಕಾದ ಜಮೀನಿನ ಸ್ವಾಧೀನ ಮುಗಿದಾಗ ಜಮೀನು ಮುಗಿಯಿತೇ ಹೊರತು ಸಿಬ್ಬಂದಿ ಮುಗಿಯಲಿಲ್ಲ. ಇದು ಯಾರ ತಪ್ಪೂ ಅಲ್ಲ. ಜಮೀನಿಗೆ ಒಂದು ಅಳತೆ, ಸಿಬ್ಬಂದಿಗೆ ಒಂದು ನಿವೃತ್ತಿ ವಯಸ್ಸು. ಎರಡೂ ಒಟ್ಟಿಗೇ ತೀರಬೇಕೆಂದು ಯಾವ ಆದೇಶವೂ ಇಲ್ಲ. ಹಾಗೆ ಉಳಿದವರಿಗೆ ಕುರ್ಚಿ ಬೇಕಾಯಿತು, ಕುರ್ಚಿಗೆ ಕೋಣೆ ಬೇಕಾಯಿತು, ಕೋಣೆಗೆ ಬೋರ್ಡು ಬೇಕಾಯಿತು. ಬೋರ್ಡು ಬರೆಯುವವನು ಕುಂಚ ಅದ್ದಿಕೊಂಡು ಏನು ಬರೀಲಿ ಅಂತ ನಿಂತಾಗ, ಮೇಲಿನವರು ತುಸು ಯೋಚಿಸಿ, 'ನವೀನ ವಸ್ತುಗಳ ಮಾರುಕಟ್ಟೆ ಸಾಧ್ಯತಾ ಕೋಶ' ಎಂದರು. ಹೀಗೆ, ಎರಡನೇ ಟರ್ಮಿನಲ್ ಏಳುತ್ತಿದ್ದ ಕಾಲದಲ್ಲಿ, ದೊಡ್ಡಬಳ್ಳಾಪುರದ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ, ಗಂಡಿನ ಕಡೆಯವರು ಇಳಿದುಕೊಳ್ಳುವ ಕೋಣೆಯಲ್ಲಿ, ಕೋಶ ಉದ್ಘಾಟನೆಯಾಯಿತು. ಮುಹೂರ್ತವಿದ್ದ ದಿನ ಕೋಶಕ್ಕೆ ರಜೆ. ಆಷಾಢ ಬಂತೆಂದರೆ ಕೆಲಸ ಬಿರುಸು.

ವಿಶೇಷಾಧಿಕಾರಿಗಳು ರಾಮಾಂಜಿನಪ್ಪನವರು. ದೇವನಹಳ್ಳಿ ಸುತ್ತಿನ ಹೊಲ, ಖರಾಬು, ಕುಂಟೆ, ಗುಂಡುತೋಪುಗಳನ್ನೆಲ್ಲ ಅಳೆದು ತಲೆ ನರೆಸಿಕೊಂಡವರು. ಬಲು ಸಭ್ಯರು, ಯಾರ ಮೇಲೂ ದನಿ ಎತ್ತಿದವರಲ್ಲ. ಅವರೆದುರು ಕೂತು ಜಮೀನು ಕಳೆದುಕೊಂಡವರೂ ಅವರು ತರಿಸಿಕೊಟ್ಟ ಕಾಫಿ ಕುಡಿದು ಕೈಮುಗಿದು ಎದ್ದು ಹೋಗುತ್ತಿದ್ದರು. ಅವರ ಜೊತೆಗೆ ಸೊಣ್ಣಪ್ಪ ಎಂಬ ಅಳತೆಯ ಆಳು. ಸೊಣ್ಣಪ್ಪನ ಸರ್ವೆ ಸರಪಳಿಯನ್ನು ವಾಪಸು ಪಡೆಯಲು ಹಳೆಯ ಕಚೇರಿ ಒಪ್ಪದ್ದರಿಂದ, ಅದೂ ಅವನೊಂದಿಗೆ ನಿಯೋಜನೆಯ ಮೇಲೆ ಬಂದಿತ್ತು.

ಕೋಶಕ್ಕೆ ಮೇಲಿನಿಂದ ಬಂದ ಮೊದಲ ವಿಷಯ ಇದು: 'ಉಪಕರಣಗಳೊಳಗೆ ಹುದುಗಿಸುವ ಮುಕ್ತ ಗ್ರಾಫಿಕ್ಸ್ ಚಿಪ್‌ಗಳಿಗೆ ಗ್ರಾಮಾಂತರ ಜಿಲ್ಲೆಯಲ್ಲಿರುವ ಮಾರುಕಟ್ಟೆ ಸಾಧ್ಯತೆಗಳ ಬಗ್ಗೆ ವರದಿ.' ರಾಮಾಂಜಿನಪ್ಪನವರು ಅದನ್ನು ಓದಿ, ಮಡಿಸಿ, ಅದರ ಮೇಲೆ ಗಾಜಿನ ಗುಂಡು ಇಟ್ಟರು. ಜಮೀನಾದರೆ ನಾವೇ ಹುಡುಕಿಕೊಂಡು ಹೋಗಬೇಕು, ಚಿಪ್ಪಿಗೇನು, ಯಾರದಾದರೂ ಜೇಬಿನಲ್ಲಿ ಅದೇ ಬರುತ್ತದೆ ಎಂದು ಕಾದರು.

ಬಂದೇ ಬಂತು, ಕಾಂತರಾಜುವಿನ ಜೇಬಿನಲ್ಲಿ.

ಕಾಂತರಾಜು ಸಾಸಲು ಕಡೆಯವನು, ಡಿಪ್ಲೊಮಾ ಓದಿದವನು. ಪೇಟೆಯ ಒಂದು ಗಲ್ಲಿಯಲ್ಲಿ ಅವನ ಅಂಗಡಿ. ಇಲ್ಲಿನ ಪವರ್‌ಲೂಮಿನ ನೆತ್ತಿಯ ಮೇಲೆ ಜಕಾರ್ಡ್ ಕೂತಿರುತ್ತದೆ, ಸೀರೆಗೆ ನವಿಲೋ ಮಾವೋ ಮೂಡಿಸುವುದು ಅದೇ. ಆ ಜಕಾರ್ಡಿಗೆ ಯಾವ ಎಳೆ ಎತ್ತು, ಯಾವ ಎಳೆ ಬಿಡು ಎಂದು ಹೇಳುವುದು ಒಂದು ಕರೆಂಟಿನ ಪೆಟ್ಟಿಗೆ. ಸೂರತ್ತಿನಿಂದ ಬರುತ್ತಿದ್ದ ಪೆಟ್ಟಿಗೆಗಳಿಗೆ ಕಣ್ಣೂ ಇಲ್ಲ ಬಾಯೂ ಇಲ್ಲ. ನವಿಲಿನ ಕೊಕ್ಕು ಬಾಲಕ್ಕೆ ಅಂಟಿಕೊಂಡದ್ದು ಸೀರೆ ಮಗ್ಗದಿಂದ ಇಳಿದ ಮೇಲೆಯೇ ಗೊತ್ತಾಗುವುದು. ಕೆಟ್ಟರೆ ಬಿಚ್ಚುವಂತಿಲ್ಲ, ಬಿಚ್ಚಿದರೂ ಒಳಗಿನ ಚಿಪ್ಪಿನ ಗುಟ್ಟು ಕಂಪನಿಯವರಿಗೇ ಗೊತ್ತು. ಕಾಂತರಾಜು ತಾನೇ ಒಂದು ಪೆಟ್ಟಿಗೆ ಮಾಡಿ ಅದಕ್ಕೊಂದು ಪುಟ್ಟ ಪರದೆ ಕೂಡಿಸಿದ್ದ. ನೇಯುತ್ತಿರುವಾಗಲೇ ನವಿಲು ಪರದೆಯಲ್ಲಿ ಕಾಣುವುದು. ಹಾಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ ಮುಕ್ತವಾದದ್ದು: ಅದರ ಒಳನಕ್ಷೆಯನ್ನು ಮಾಡಿದವರು ಲೋಕಕ್ಕೆಲ್ಲ ತೆರೆದಿಟ್ಟಿದ್ದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮಾಡಿಸಿಕೊಳ್ಳಬಹುದು.

ನೂಲೇಣಿ ನೇಕಾರರ ಸಂಘದ ಕಾರ್ಯದರ್ಶಿ ಅನುಸೂಯಮ್ಮ ಆ ಪೆಟ್ಟಿಗೆಯನ್ನು ತಮ್ಮ ಸ್ವಂತ ಮಗ್ಗಕ್ಕೇ ಹಾಕಿ ನೋಡಿ ಮೆಚ್ಚಿದ್ದರು. ಸಂಘದ ಮಗ್ಗಗಳಿಗೆಲ್ಲ ಹಾಕಿಸುವ ಮನಸ್ಸೂ ಇತ್ತು. "ಚೆನ್ನಾಗಿದೆ ಅಂತ ನನಗೆ ಗೊತ್ತಿದ್ರೆ ಸಾಲ್ದು ಕಾಂತರಾಜು," ಎಂದಿದ್ದರು, "ಸರ್ಕಾರಕ್ಕೂ ಗೊತ್ತಿರ್ಬೇಕು. ಇದಕ್ಕೆ ಮಾರುಕಟ್ಟೆ ಇದೆ ಅಂತ ಒಂದು ದೃಢೀಕರಣ ತಂದ್ಬಿಡು. ಮಹಾಸಭೇಲಿ ಓದ್ಬಿಡ್ತೀನಿ." ಮಹಾಸಭೆಯ ದಿನದೊಳಗೆ ತರದಿದ್ದರೆ ಸಂಘ ಸೂರತ್ತಿನ ಕುರುಡು ಪೆಟ್ಟಿಗೆಗೇ ಒಪ್ಪುವುದು, ಕಾಂತರಾಜು ಅಂಗಡಿಯ ಬಾಗಿಲು ಎಳೆಯುವುದು. ಎಳೆದು ಎಲ್ಲಿಗೆ ಹೋಗಬೇಕು ಎನ್ನುವುದೂ ನಿಶ್ಚಯವಾಗಿತ್ತು. ಹೆಂಡತಿ ಶಾಮಲಾಳ ತಮ್ಮ ಅಂಜನ್ ಆವತಿಯಲ್ಲಿ ಸೈಟು ಮಾರುತ್ತಿದ್ದ. ಅಲ್ಲಿ ಭಾವನಿಗೆಂದು ಒಂದು ತಿರುಗುವ ಕುರ್ಚಿಯನ್ನು ಆಗಲೇ ತರಿಸಿ, ಅದರ ಪ್ಲಾಸ್ಟಿಕ್ ಕವರು ತೆಗೆಯದೆ ಇಟ್ಟಿದ್ದ. ಕಾಂತರಾಜುವಿಗೆ ಆ ಕುರ್ಚಿಯ ನೆನಪಾದರೆ ರಾತ್ರಿ ಮುದ್ದೆ ಇಳಿಯುತ್ತಿರಲಿಲ್ಲ. ಬೆಸುಗೆಯ ಕಡ್ಡಿ ಹಿಡಿದ ಕೈ, ಅದರಲ್ಲಿ ಬ್ರೋಷರ್ ಹಿಡಿದು ನಿಲ್ಲುವುದುಂಟೆ?

ಅಂತೂ ಅವನು ಕೋಶದ ಮೆಟ್ಟಿಲು ಹತ್ತಿದ. ರಾಮಾಂಜಿನಪ್ಪನವರು ಕೂರಿಸಿ, ಕಾಫಿ ತರಿಸಿ, ನಮೂನೆ ತೆಗೆದರು. ನಮೂನೆ ಹಳೆಯದೇ. 'ಜಮೀನು' ಎಂದಿದ್ದ ಕಡೆಯೆಲ್ಲ ಅಡ್ಡಗೆರೆ ಎಳೆದು 'ವಸ್ತು' ಎಂದು ತಿದ್ದಲಾಗಿತ್ತು.

"ವಸ್ತುವಿನ ಮಾಲೀಕರು ಯಾರು?"

"ಮಾಲೀಕರು ಅಂತ ಯಾರೂ ಇಲ್ಲ ಸಾರ್. ಎಲ್ಲರಿಗೂ ಸೇರಿದ್ದು. ಯಾರು ಬೇಕಾದ್ರೂ ಬಳಸ್ಬೋದು."

"ಯಾರು ಬೇಕಾದ್ರೂ."

"ಹೌದು ಸಾರ್."

"ಊರೋರೆಲ್ಲ?"

"ಊರೋರೆಲ್ಲ ಸಾರ್."

ರಾಮಾಂಜಿನಪ್ಪನವರು ಪೆನ್ನು ಕೆಳಗಿಟ್ಟರು. ಪರಸ್ಥಳದ ಬಸ್ ಸ್ಟ್ಯಾಂಡಿನಲ್ಲಿ ಸ್ವಂತ ಊರಿನ ಬೋರ್ಡು ಕಂಡವರ ಹಾಗೆ ಅವರ ಮುಖ ಅರಳಿತು. "ಇದನ್ನ ಮೊದಲೇ ಹೇಳ್ಬಾರ್ದೇನಪ್ಪಾ," ಎಂದರು. "ಇದು ಗೋಮಾಳ."

ಗೋಮಾಳವೆಂದರೆ ಊರ ದನ ಮೇಯಲೆಂದು ಯಾರ ಹೆಸರಿಗೂ ಹಚ್ಚದೆ ಬಿಟ್ಟ ನೆಲ. ವಿಮಾನ ನಿಲ್ದಾಣ ಬಂದ ಮೇಲೆ ಈ ಭಾಗದಲ್ಲಿ ದನಗಳನ್ನು ಬಿಟ್ಟು ಮಿಕ್ಕವರೆಲ್ಲ ಅದರಲ್ಲಿ ಮೇದಿದ್ದಾರೆ. ಕಾಂತರಾಜು ಹಾಗಲ್ಲ ಸಾರ್ ಎನ್ನಲು ಬಾಯಿ ತೆರೆದದ್ದು ನಿಜ. ಆದರೆ ಅಷ್ಟರಲ್ಲಿ ರಾಮಾಂಜಿನಪ್ಪನವರು 'ಮಾರುಕಟ್ಟೆ ಸಾಧ್ಯತೆ' ಎಂಬ ಅಂಕಣಕ್ಕೆ ಬಂದು, ವಿಮಾನ ನಿಲ್ದಾಣದಿಂದ ಅಂಗಡಿಗೆ ಎಷ್ಟು ದೂರ ಎಂದು ಕೇಳಿದರು. ಹೆಚ್ಚೆಂದರೆ ಮುಕ್ಕಾಲು ಗಂಟೆಯ ಹಾದಿ ಎಂದ. ಅವರು 'ಅತ್ಯುತ್ತಮ' ಎಂದು ಬರೆದರು. ಮೇಜಿನ ಈಚೆಯಿಂದ ಆ ಅಕ್ಷರಗಳನ್ನು ತಲೆಕೆಳಗಾಗಿ ಓದಿದ ಕಾಂತರಾಜು ಬಾಯಿ ಮುಚ್ಚಿಕೊಂಡ. ನಮ್ಮ ಕಡೆಯ ಜನ ಮಾಡುವ ತಪ್ಪೇ ಇದು ನೋಡಿ. ಸಾಹೇಬರ ಪೆನ್ನು ನಮ್ಮ ಪರವಾಗಿ ಓಡುತ್ತಿರುವಾಗ ಅದು ಯಾವ ಊರಿಗೆ ಓಡುತ್ತಿದೆ ಎಂದು ನಾವು ಕೇಳುವುದಿಲ್ಲ.

ಚಕ್ಕುಬಂದಿಯನ್ನೂ ಅವನೇ ಹೇಳಿದ: ಪೂರ್ವಕ್ಕೆ ಮೆಮೊರಿ, ಪಶ್ಚಿಮಕ್ಕೆ ಕರೆಂಟಿನ ಕನೆಕ್ಟರು, ಉತ್ತರಕ್ಕೆ ಖಾಲಿ, ದಕ್ಷಿಣಕ್ಕೆ ಒಂದು ಸ್ಕ್ರೂ. ದೃಢೀಕರಣ ಪತ್ರ ಯಾವಾಗ ಸಿಗುತ್ತದೆ ಎಂದು ಕೇಳಿದಾಗ, ಗೋಮಾಳ ವಿಲೇವಾರಿಯಾದ ಮರುದಿನವೇ ಎಂಬ ಉತ್ತರ ಬಂತು.

ವಾರ ಕಳೆಯುವುದರೊಳಗೆ ಪ್ರಕಟಣೆ ಹೊರಬಿತ್ತು:

'ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಮಾಲೀಕರಿಲ್ಲದ ಒಂದು ಗ್ರಾಫಿಕ್ಸ್ ಚಿಪ್ ಪತ್ತೆಯಾಗಿದ್ದು, ಸದರಿ ಚಿಪ್ಪಿನಲ್ಲಿ ಅನುಭವದ ಹಕ್ಕು ಹೊಂದಿರುವವರು ಅರ್ಜಿ ಸಲ್ಲಿಸತಕ್ಕದ್ದು. ಚಿಪ್ಪಿನ ಮೇಲೆ ಕುರಿ, ಮೇಕೆ, ಎಮ್ಮೆಗಳನ್ನು ಬಿಡುವುದನ್ನು ನಿಷೇಧಿಸಿದೆ. ಈಗಾಗಲೇ ಬಿಟ್ಟಿದ್ದಲ್ಲಿ ಅರ್ಜಿ ಸಲ್ಲಿಸಿ ಹೋಗುವಾಗ ಹೊಡೆದುಕೊಂಡು ಹೋಗತಕ್ಕದ್ದು. ಸದರಿ ಚಿಪ್ಪಿನಲ್ಲಿ ಕಾಂತರಾಜು ಎಂಬುವರು ಯಾವುದೇ ಮಂಜೂರಾತಿ ಇಲ್ಲದೆ ನವಿಲು ಬಿಡಿಸುತ್ತಿರುವುದು ಕಂಡುಬಂದಿದ್ದು, ಅವರನ್ನು ಒತ್ತುವರಿದಾರರೆಂದು ಪರಿಗಣಿಸಲಾಗಿದೆ.'

ಕಾಂತರಾಜು ಅದನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ರಾಮಾಂಜಿನಪ್ಪನವರಿಗೆ ಅವನ ಗಾಬರಿ ಅರ್ಥವಾಗಲಿಲ್ಲ. ಒತ್ತುವರಿದಾರ ಎಂದರೆ ಬೈಗುಳವಲ್ಲ, ಅದೊಂದು ಅರ್ಹತೆ, ಸಕ್ರಮಕ್ಕೆ ಅರ್ಜಿ ಹಾಕಬೇಕಾದರೆ ಮೊದಲು ಅಕ್ರಮವಾಗಿರಬೇಕು, ಈ ಸೌಭಾಗ್ಯ ಎಲ್ಲರಿಗೂ ಸಿಗುವುದಿಲ್ಲ ಎಂದು ಸಮಾಧಾನ ಹೇಳಿ ಮತ್ತೆ ಕಾಫಿ ತರಿಸಿದರು.

ಇನ್ನು ಸರ್ವೆ. ರಾಮಾಂಜಿನಪ್ಪನವರ ಹಿಂದೆ ಸೊಣ್ಣಪ್ಪ ಸರಪಳಿ ಹೊತ್ತು ಅಂಗಡಿಗೆ ಬಂದ. ಸರಪಳಿಯ ಒಂದು ಕೊಂಡಿಯೊಳಗೇ ಚಿಪ್ ಕೂತು ಇನ್ನೂ ಜಾಗ ಮಿಕ್ಕಿತು. ಸೊಣ್ಣಪ್ಪ ಅಷ್ಟಕ್ಕೆ ಎದೆಗುಂದುವವನಲ್ಲ. 'ಸ್ಥಳವು ಸರಪಳಿಯ ವ್ಯಾಪ್ತಿಯಲ್ಲಿದೆ' ಎಂದು ಬರೆಸಿದ. ಆಮೇಲೆ ನೇಕಾರರು ಎಳೆ ಎಣಿಸುವ ಭೂತಗನ್ನಡಿ ಹಿಡಿದು ರಾಮಾಂಜಿನಪ್ಪನವರೇ ಬಗ್ಗಿ ನೋಡಿದರು. ಅದರೊಳಗೆ ಕಂಡದ್ದು ಗೆರೆ, ಚೌಕ, ಮತ್ತೆ ಗೆರೆ. ಎಷ್ಟೋ ಬಡಾವಣೆ ಕಂಡಿದ್ದರು, ರಸ್ತೆಯೆಲ್ಲ ಮೊದಲೇ ಹಾಕಿ ಆಮೇಲೆ ಅನುಮತಿ ಕೇಳಿದ ಇಷ್ಟು ಅಚ್ಚುಕಟ್ಟಾದದ್ದನ್ನು ಕಂಡಿರಲಿಲ್ಲ. ಒಂದು ಕಡೆ ಬೆಸುಗೆಯ ಕಪ್ಪು ಹತ್ತಿತ್ತು. ಕಾಂತರಾಜು ಒರೆಸಲು ಬೆರಳು ಚಾಚಿದ. ಅವರು ತಡೆದರು. ಅದು ಕುಂಟೆಯಂತೆ, ಮಳೆನೀರು ನಿಲ್ಲುವ ಹೊಂಡವಂತೆ, ಅದನ್ನು ಮುಚ್ಚಿದರೆ ಕೇಸಾಗುತ್ತದಂತೆ. ಕುಂಟೆಯ ಸುತ್ತ ಜಾಗ ಬಿಟ್ಟು, ಒಂದು ಮೂಲೆಗೆ ಪಾರ್ಕು ಬರೆದು, ಮಿಕ್ಕದ್ದನ್ನು ಸೈಟುಗಳೆಂದು ವಿಂಗಡಿಸಿದರು.

ಪೆಟ್ಟಿಗೆಗೊಂದು ಚಿಪ್ ಬೇಕು, ಇದೊಂದನ್ನೇ ಹಂಚಿದರೆ ಉಳಿದವುಗಳ ಗತಿ ಏನು ಎಂದು ಕಾಂತರಾಜು ಕೇಳಿದ್ದಕ್ಕೂ ಉತ್ತರವಿತ್ತು. ಎಲ್ಲ ಚಿಪ್‌ಗಳೂ ಒಂದೇ ನಕ್ಷೆಯವು ತಾನೆ? ಹಾಗಾದರೆ ಇದು ಮೂಲ, ಮಿಕ್ಕವು ದೃಢೀಕೃತ ನಕಲು. ಮೂಲದಲ್ಲಿ ಹಕ್ಕಿದ್ದವನಿಗೆ ನಕಲಿನಲ್ಲೂ ಹಕ್ಕು.

ಅರ್ಜಿಗಳು ಬಂದವು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲ ಕಡೆಯಿಂದಲೂ ಬಂದವು. ಚಿಪ್ ಎಂದರೇನು ಎಂದು ಯಾರೂ ಕೇಳಲಿಲ್ಲ. ಕಾರ್ನರ್ ಸೈಟು ಇದೆಯೇ ಎಂದಷ್ಟೇ ಕೇಳಿದರು. ಮುನಿಗಂಗಮ್ಮ ಎಂಬ ಅಜ್ಜಿ, ತಮ್ಮ ಮಾವನ ಕಾಲದಿಂದಲೂ ತಮ್ಮ ಕುರಿಗಳು ಆ ಚಿಪ್ಪಿನಲ್ಲೇ ಮೇಯುತ್ತಿದ್ದವೆಂದು ಹೇಳಿಕೆ ಕೊಟ್ಟರು. ಚಿಪ್ ಹುಟ್ಟಿಯೇ ಮೂರು ವರ್ಷವಾಗಿಲ್ಲವಲ್ಲ ಎಂದು ಕಾಂತರಾಜು ಮೆಲ್ಲಗೆ ಹೇಳಿದ. "ಅದಕ್ಕೇ ಕಣಪ್ಪಾ ಅವಾಗ ಹುಲ್ಲು ಅಷ್ಟು ಚೆನ್ನಾಗಿತ್ತು," ಎಂದರು ಅಜ್ಜಿ. ಸುಳ್ಳೆಂದು ಸಾಬೀತು ಮಾಡಲು ಆ ಕಾಲದ ಕುರಿಗಳು ಯಾವುವೂ ಬದುಕಿಲ್ಲದ ಕಾರಣ ಹೇಳಿಕೆಯನ್ನು ಅಂಗೀಕರಿಸಲಾಯಿತು.

ಅಂಜನ್ ಆವತಿಯ ಕಚೇರಿಗೆ ಬೀಗ ಹಾಕಿಕೊಂಡು ಭಾವನ ಅಂಗಡಿಗೇ ಬಂದುಬಿಟ್ಟ. ಬರುವಾಗ ಕುರ್ಚಿಯನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದ. ಭೂತಗನ್ನಡಿಯನ್ನು ಕೊರಳಿಗೆ ತೂಗಿಕೊಂಡು, ಬಂದವರಿಗೆಲ್ಲ ಚಿಪ್ ತೋರಿಸತೊಡಗಿದ. ಇಲ್ಲಿಂದ ಹಿಂಗೆ ಮೂವತ್ತಡಿ ರಸ್ತೆ ಎನ್ನುತ್ತಿದ್ದ. ಅಡಿ ಎನ್ನಬೇಡವೋ, ಅದು ಕೂದಲೆಳೆಗಿಂತ ಸಣ್ಣದು ಎಂದು ಕಾಂತರಾಜು ರೇಗಿದ.

"ಭಾವ, ಜನಕ್ಕೆ ಕನಸು ದೊಡ್ಡದಿರ್ಬೇಕು. ಜಾಗ ಎಷ್ಟಿದ್ರೇನು," ಎಂದ ಅಂಜನ್.

ಕಾಂತರಾಜುವೂ ಒತ್ತುವರಿದಾರನೆಂದು ಅರ್ಜಿ ಹಾಕಿದ. ಹಾಕದೆ ಏನು ಮಾಡಿಯಾನು? ಹಾಕದಿದ್ದರೆ ಚಿಪ್ಪಿನಿಂದ ತೆರವು, ತೆರವಾದರೆ ಪೆಟ್ಟಿಗೆ ಇಲ್ಲ, ಪೆಟ್ಟಿಗೆ ಇಲ್ಲದಿದ್ದರೆ ಕುರ್ಚಿ ಅಂಗಡಿಗೇ ಬಂದು ಕೂತಿದೆ. ಕೋಶ ಅವನ ಮೇಲೆ ದೊಡ್ಡ ಮನಸ್ಸು ಮಾಡಿ ಕೆಳಗಿನ ಎಡಮೂಲೆಯನ್ನು ಸಕ್ರಮಗೊಳಿಸಿತು. ಮಂಜೂರಾತಿ ಪತ್ರದಲ್ಲಿ ಒಂದು ಷರತ್ತು: ಫಲಾನುಭವಿಯು ತನ್ನ ಭಾಗದಲ್ಲಿ ಮಾತ್ರ ಚಿತ್ರ ಬಿಡಿಸತಕ್ಕದ್ದು.

ಈ ಸಲ ಕಾಂತರಾಜು ನಿಜವಾಗಿ ವಾದಿಸಿದ. ಚಿಪ್ಪನ್ನು ಹೋಳು ಮಾಡಿ ಓಡಿಸಲು ಬರುವುದಿಲ್ಲ, ಒಂದು ಚುಕ್ಕೆ ಬೆಳಗಬೇಕಾದರೂ ಎಲ್ಲ ಭಾಗವೂ ಸೇರಿ ದುಡಿಯಬೇಕು, ಮೇಲಾಗಿ ಚಿಪ್ಪಿನ ಮೂಲೆಗೂ ಪರದೆಯ ಮೂಲೆಗೂ ಸಂಬಂಧವೇ ಇಲ್ಲ ಎಂದ. ರಾಮಾಂಜಿನಪ್ಪನವರು ಕೊನೆಯವರೆಗೂ ಕೇಳಿಸಿಕೊಂಡರು.

"ಕಾಂತರಾಜು ಅವ್ರೇ, ನಕ್ಷೇಲಿ ಚಿಪ್ಪೂ ಚೌಕ, ಪರದೇನೂ ಚೌಕ. ಮೂಲೆ ಅಂದ್ರೆ ಮೂಲೆ. ಇನ್ನು ಕರೆಂಟು ಅಕ್ಕಪಕ್ಕದೋರ ಜಾಗದಲ್ಲಿ ಹಾದು ಹೋಗ್ಬೇಕು ಅಂತೀರಿ. ಅದಕ್ಕೆ ದಾರಿ ಹಕ್ಕು ಅಂತ ಇದೆ. ಅವರ ಒಪ್ಪಿಗೆ ತಗೊಂಬನ್ನಿ, ಒಂದು ನಿಮಿಷದ ಕೆಲಸ."

ಹಾಗಾಗಿ ಕಾಂತರಾಜು ಸ್ಕೂಟರ್ ಹತ್ತಿ ಚಿಪ್ಪಿನ ನೆರೆಹೊರೆಯವರನ್ನು ಹುಡುಕಿಕೊಂಡು ಹೊರಟ. ಮೊದಲು ಮುನಿಗಂಗಮ್ಮನ ಮನೆ. ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕರೆಂಟು ಹಾದುಹೋದರೆ ನೆಲ ಸವೆಯುತ್ತದೆಯೇ ಎಂದು ವಿಚಾರಿಸಿದರು. ಸವೆಯುವುದಿಲ್ಲ ಎಂದ.

"ಹಂಗಾರೆ ಹೋಗ್ಲಿ ಬಿಡು ಮಗ. ಬಿರ್ರನೆ ಹೋಗ್ಬೇಕು, ನಡುವೆ ನಿಂತ್ಕೋಬಾರ್ದು. ಅಮಾಸೆ ದಿನ ಬ್ಯಾಡ."

ಅಮಾವಾಸ್ಯೆ ದಿನ ಇಲ್ಲಿ ಮಗ್ಗಗಳಿಗೂ ರಜೆಯಾದ್ದರಿಂದ ಕಾಂತರಾಜು ಒಪ್ಪಿದ. ಮಿಕ್ಕವರೂ ದಾರಿಯ ಮಟ್ಟಿಗೆ ಅಡ್ಡ ಬರಲಿಲ್ಲ. ಕಷ್ಟ ಬಂದದ್ದು ಹೊಸಕೋಟೆಯ ಗಂಗಣ್ಣನವರಿಂದ. ಅವರು ಕಂಟ್ರಾಕ್ಟರು, ಚಿಪ್ಪಿನ ನಟ್ಟನಡುವಿನ ದೊಡ್ಡ ಸೈಟು ಅವರದು. ಕರೆಂಟು ಎಷ್ಟು ಬೇಕಾದರೂ ಓಡಲಿ ಎಂದರು. ಆದರೆ ನವಿಲು ತಮ್ಮ ಜಾಗಕ್ಕೆ ಕಾಲಿಡಕೂಡದು.

"ಒಂದು ಚಿತ್ರ ಅಣ್ಣಾ, ಬೆಳಕಷ್ಟೆ," ಎಂದ ಕಾಂತರಾಜು.

"ಚಿತ್ರಾನೋ ನಿಜಾನೋ, ನವಿಲು ನವಿಲೇ ಗುರು. ರಾಷ್ಟ್ರಪಕ್ಷಿ. ನನ್ನ ಜಾಗದಲ್ಲಿ ಓಡಾಡಿದ್ದು ಯಾರಾದ್ರೂ ನೋಡಿದ್ರೆ ಅರಣ್ಯ ಅಂತ ಬರ್ಕೊಂಡ್ಬಿಡ್ತಾರೆ. ಸೈಟು ಹೋಗುತ್ತೆ. ನೀನು ಕೊಡ್ಸ್ತೀಯಾ?"

ಸುದ್ದಿ ಹರಡಿ ಮಿಕ್ಕವರೂ ಗಂಗಣ್ಣನವರ ಮಾತೇ ಸರಿ ಎಂದರು. ಕಾರ್ನರ್ ಸೈಟಿನವರಂತೂ ಬಾಲದ ಒಂದು ಗರಿಯೂ ಬೇಡವೆಂದು ಬರೆದೇ ಕೊಟ್ಟರು.

ಮಹಾಸಭೆಗೆ ದಿನ ಹತ್ತಿರವಾಗಿತ್ತು. ಆ ಸಂಜೆ ಕಾಂತರಾಜು ಪೆಟ್ಟಿಗೆಯ ಮುಂದೆ ಕೂತಿದ್ದ. ಪರದೆಯ ಮೇಲೆ ಇಡೀ ನವಿಲು, ಕತ್ತು ಕೊಂಕಿಸಿಕೊಂಡು, ಗರಿ ಕೆದರಿಕೊಂಡು ನಿಂತಿತ್ತು. ಅದನ್ನು ಅಳಿಸಿ ಮೂಲೆಗೆ ತುರುಕುವುದಕ್ಕಿಂತ ಬ್ರೋಷರ್ ಹಿಡಿಯುವುದೇ ಮೇಲೋ ಏನೋ ಎಂದುಕೊಂಡ. ಟೀ ತಂದ ಶಾಮಲಾ ಗಂಡನನ್ನೂ ನವಿಲನ್ನೂ ಒಮ್ಮೆ ನೋಡಿದಳು.

"ರೀ, ಆ ಮೂಲೇಲಿ ಏನು ಬರುತ್ತೆ?"

"ಕಾಲು."

"ಎರಡೂನಾ?"

"ಎರಡೂ ಬರುತ್ತೆ."

"ಮತ್ತಿನ್ನೇನು. ನಿಲ್ಲಕ್ಕೆ ಕಾಲು ತಾನೆ ಬೇಕಾಗಿರೋದು. ಅಂಗಡಿ ನಿಂತ್ಕೊಳ್ಳಲಿ, ಆಮೇಲೆ ತಲೆ ನೋಡ್ಕೊಳ್ಳೋಣ."

ಕಾಂತರಾಜು ಟೀ ಕುಡಿದ. ಚಿಪ್ ಮುಕ್ತವಾದದ್ದು, ಯಾರು ಬೇಕಾದರೂ ತಿದ್ದಬಹುದಾದದ್ದು. ಆದ್ದರಿಂದ ಮಿಕ್ಕ ಪರದೆಯನ್ನು ಕತ್ತಲು ಮಾಡುವುದಕ್ಕೆ ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಚ್ಚಿದ ಚಿಪ್ಪಾಗಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಮುಕ್ತ ಚಿಪ್ಪಿನ ಈ ಅನುಕೂಲವನ್ನು ರಾಮಾಂಜಿನಪ್ಪನವರು ವರದಿಯಲ್ಲಿ ವಿಶೇಷವಾಗಿ ಪ್ರಸ್ತಾಪಿಸಿದರು.

ಮಹಾಸಭೆಯಲ್ಲಿ ಅನುಸೂಯಮ್ಮ ಕನ್ನಡಕ ಏರಿಸಿಕೊಂಡು ದೃಢೀಕರಣ ಪತ್ರ ಓದಿದರು. ಮುಕ್ತ ಗ್ರಾಫಿಕ್ಸ್ ಚಿಪ್ಪಿಗೆ ಈ ಜಿಲ್ಲೆಯಲ್ಲಿ ಅಪಾರ ಮಾರುಕಟ್ಟೆ ಇದೆ ಎಂದೂ, ಈಗಾಗಲೇ ಅದರಲ್ಲಿ ಒಂದಿಂಚೂ ಉಳಿದಿಲ್ಲವೆಂದೂ ಅದರಲ್ಲಿತ್ತು. ಸಭೆ ಚಪ್ಪಾಳೆ ತಟ್ಟಿತು. ಸಂಘದ ಮಗ್ಗಗಳಿಗೆಲ್ಲ ಕಾಂತರಾಜುವಿನ ಪೆಟ್ಟಿಗೆಯನ್ನೇ ಹಾಕಿಸುವುದೆಂದು ತೀರ್ಮಾನವಾಯಿತು. ಜೊತೆಗೆ ಇನ್ನೊಂದು ತೀರ್ಮಾನ: ಪರದೆಯಲ್ಲಿ ಕಾಣದ್ದನ್ನು ಮಗ್ಗದಲ್ಲಿ ನೇಯುವುದು ಬೇರೆಯವರ ಸ್ವತ್ತಿನಲ್ಲಿ ಅತಿಕ್ರಮ ಪ್ರವೇಶವಾದ್ದರಿಂದ, ಕಂಡಷ್ಟನ್ನೇ ನೇಯತಕ್ಕದ್ದು. ಹಿರಿಯ ನೇಕಾರ ಕೊಂಡಪ್ಪ ಎದ್ದು ನಿಂತು, ಬರೀ ಕಾಲು ನೇಯ್ದರೆ ನೂಲು ಉಳಿತಾಯವಾಗುತ್ತದೆ, ಕೊಕ್ಕು ತಪ್ಪುವ ಭಯವೂ ಇಲ್ಲ ಎಂದು ಅನುಮೋದಿಸಿದರು.

ಮೊದಮೊದಲು ಬೆಂಗಳೂರಿನ ಅಂಗಡಿಯವರು ಸೀರೆ ಬಿಚ್ಚಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ನವಿಲು ಸೆರಗಿನಾಚೆಗೆಲ್ಲೋ ಮಡಿಕೆಯಲ್ಲಿ ಸೇರಿಕೊಂಡಿರಬೇಕೆಂದು ಒಂದಿಬ್ಬರು ಕೊಡವಿಯೂ ನೋಡಿದರು. ಆಮೇಲೆ, ಇದು ಕಡಿಮೆ ಕೆಲಸದ ಹೊಸ ಡಿಸೈನು, ಓದಿದವರು ಇದನ್ನೇ ಕೇಳುತ್ತಾರೆ ಎಂದು ಯಾರೋ ಗಿರಾಕಿಗೆ ಹೇಳಿದರು. ಗಿರಾಕಿಗಳು ಕೇಳತೊಡಗಿದರು. ಕೋಶಕ್ಕೆ ಪ್ರಶಂಸಾ ಪತ್ರ ಬಂತು. ಎರಡನೆಯ ವಿಷಯವಾಗಿ ಮುಕ್ತ ತಂತ್ರಾಂಶವನ್ನು ಕೊಟ್ಟರು. ಸೊಣ್ಣಪ್ಪ ಸರಪಳಿಗೆ ಎಣ್ಣೆ ಹಾಕಿಟ್ಟುಕೊಂಡಿದ್ದಾನೆ.

ಕಾಂತರಾಜುವಿನ ಅಂಗಡಿ ಈಗ ದಿನವಿಡೀ ತೆರೆದಿರುತ್ತದೆ. ಒಂದು ಕಡೆ ಅವನು ಬೆಸುಗೆ ಹಾಕುತ್ತಾನೆ, ಇನ್ನೊಂದು ಕಡೆ ಅಂಜನ್ ಸೈಟು ತೋರಿಸುತ್ತಾನೆ. ಕೈ ಬಿಡುವಾದಾಗ ಕಾಂತರಾಜುವೂ ಭೂತಗನ್ನಡಿ ಹಿಡಿದು, ಕುಂಟೆಯ ಪಕ್ಕದ ಸೈಟಿಗೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಒಂದು ಮಾತು ಸೇರಿಸುವುದುಂಟು. ಮುದ್ದೆ ಸರಾಗವಾಗಿ ಇಳಿಯುತ್ತಿದೆ.

ಮೊನ್ನೆ ನೆಲಮಂಗಲದ ಕಡೆ ಒಂದು ಮದುವೆಗೆ ಗಂಡಹೆಂಡಿರು ಹೋಗಿದ್ದರು. ಶಾಮಲಾ ಹೊಸ ಸೀರೆ ಉಟ್ಟಿದ್ದಳು. ಸೆರಗಿನ ತುದಿಯಲ್ಲಿ ಜರಿಯ ಎರಡು ಕಾಲು, ಅವುಗಳ ಮೇಲೆ ಮಾರುದ್ದ ಬರಿಯ ನೀಲಿ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಸೋದರತ್ತೆ ಮುನಿರತ್ನಮ್ಮ ಸೆರಗಿನ ಅಂಚು ಹಿಡಿದು, ಎರಡು ಬೆರಳಲ್ಲಿ ತಿಕ್ಕಿ ನೋಡಿ, ನವಿಲೆಲ್ಲಿ ಎಂದು ಕೇಳಿದರು.

"ಅದು ಬೇರೆಯೋರ ಸೈಟಲ್ಲಿದೆ ಅತ್ತೆ," ಎಂದಳು ಶಾಮಲಾ.

ಮುನಿರತ್ನಮ್ಮ ತಲೆಯಾಡಿಸಿದರು. ಎಲೆಗೆ ಬಿದ್ದ ಪಾಯಸವನ್ನು ಹಪ್ಪಳದಿಂದ ತಡೆದುಕೊಂಡು, "ನಿಮ್ಮದು ಯಾವ ಫೇಸಿಂಗು?" ಎಂದರು.

"ಈಸ್ಟು."

"ಒಳ್ಳೇದಾಯ್ತು ಬಿಡು. ನಮ್ಮ ಮಗಳು ಕೀರ್ತನಂಗೂ ಇಂಥದ್ದೇ ಒಂದು ತೆಗೆದಿಡು, ಕಾಲು ಪೂರ್ವಕ್ಕೇ ಇರ್ಲಿ."